ಹಳೆಯ ಪುಸ್ತಕದಲ್ಲಿ ಅಜ್ಜಿಯ ಹೆಸರು

ತಿಪಟೂರು ಸೀಮೆಯ ಬಿಳಿಗೆರೆಯ ಹಿರಿಯರೊಬ್ಬರು ಒಂದು ದಿನ ನನ್ನ ಬಳಿಗೆ ಬಂದರು. ಅವರ ಅಜ್ಜ ಮಂಗಳೂರಿನ ಕಡೆಯಿಂದ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ರೈಟರ್ ಆಗಿ ಬಂದವರು. ತಂದೆ ಕೊಬ್ಬರಿ ವ್ಯಾಪಾರಕ್ಕೆಂದು ತೆಂಗಿನ ನಾಡಿಗೆ ಇಳಿದವರು. ಮೊಮ್ಮಗಳಿಗೆ ಬಂದಿದ್ದ ಸಂಬಂಧ ಇವರಿಗೆ ಒಪ್ಪಿಗೆಯಿರಲಿಲ್ಲ. “ಹುಡುಗ ಒಳ್ಳೆಯವನೇ ಗುರುಗಳೇ. ಆದರೆ ಅವನ ಮನೆತನದ ಮೂಲ ಯಾರಿಗೂ ತಿಳಿಯದು. ನಮ್ಮದು ಗೋವೆಯ ದೊಡ್ಡ ಮನೆತನ. ಅದರ ದಾಖಲೆ ತೆಗೆಸಿಕೊಡಿ” ಎಂದರು.

ಮೂಲವನ್ನು ಅರಸುವ ಆಸೆ ತಪ್ಪಲ್ಲ. ಅದಕ್ಕೆ ದಾರಿಯೂ ಉಂಟು. ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು 1563ರಲ್ಲಿ ತ್ರೆಂತ್ ಮಹಾಸಭೆ ಗುರುಗಳಿಗೆ ವಿಧಿಸಿತು. ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆತ್ತವರ ಮತ್ತು ಜ್ಞಾನ ತಂದೆತಾಯಿಯರ ಹೆಸರಿರುತ್ತದೆ. 1908ರಿಂದ ಮದುವೆಯ ವಿವರವನ್ನೂ ಅಲ್ಲಿಯೇ ಸೇರಿಸುವ ನಿಯಮ ಬಂದಿತು. ಆದ್ದರಿಂದ ಮನೆಯ ಹಿರಿಯರ ನೆನಪಿನಿಂದ ಆರಂಭಿಸಿ, ಒಂದು ಧರ್ಮಕೇಂದ್ರದಿಂದ ಹಿಂದಿನ ಧರ್ಮಕೇಂದ್ರಕ್ಕೆ ಹೆಜ್ಜೆ ಹೆಜ್ಜೆಯಾಗಿ ಸಾಗಬೇಕು. ಬರಹ ಲತೀನಿನಲ್ಲಿದ್ದರೆ ಮನೆಯವರು ‘ಜುಜೆ’ ಎಂದು ಕರೆದವನು ಅಲ್ಲಿ ‘ಯೋಸೆಫುಸ್’ ಆಗಿರುತ್ತಾನೆ.

ಆದರೆ ಈ ದಾರಿಯಲ್ಲಿ ಕಂದರಗಳೂ ಇವೆ. ಬರಗಾಲ, ತೆರಿಗೆಯ ಭಾರ, 1560ರಲ್ಲಿ ಆರಂಭವಾದ ಧರ್ಮವಿಚಾರಣೆ, 1683 ಮತ್ತು 1739ರ ಮರಾಠರ ದಾಳಿಗಳು ಗೋವೆಯ ಜನರನ್ನು ಅಲೆ ಅಲೆಯಾಗಿ ಕೆನರಾಕ್ಕೆ ತಳ್ಳಿದವು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 1799ರಲ್ಲಿ ಪಟ್ಟಣ ಬಿದ್ದ ಬಳಿಕವೇ ಬದುಕುಳಿದವರು ಊರಿಗೆ ಮರಳಿದರು. ಇಗರ್ಜಿಗಳು ನೆಲಸಮವಾಗಿದ್ದುದರಿಂದ ಅನೇಕ ಮನೆತನಗಳ ದಾಖಲೆಯ ಎಳೆ ಅಲ್ಲಿಗೇ ಕಡಿದುಹೋಗುತ್ತದೆ.

ಅಡ್ಡಹೆಸರನ್ನು ನಂಬಿ ಆ ಕಂದರವನ್ನು ದಾಟಲಾಗದು. ಜ್ಞಾನಸ್ನಾನದ ವೇಳೆ ಗುರುವಿನ ಅಥವಾ ಜ್ಞಾನತಂದೆಯ ಪೋರ್ಚುಗೀಸ್ ಅಡ್ಡಹೆಸರನ್ನೇ ಪಡೆದವರು ಬಹು ಮಂದಿ. ಇಬ್ಬರು ಡಿಸೋಜರು ಒಂದೇ ರಕ್ತದವರಾಗಿರಬೇಕಿಲ್ಲ. ಗೋವೆಯಲ್ಲಿರುವ ಮೂಲ ಗ್ರಾಮದ ಹೆಸರು ನೆನಪಿದ್ದವರಿಗೆ ಮಾತ್ರ ಅಲ್ಲಿಯ ಇಗರ್ಜಿಯ ಪುಸ್ತಕಗಳೂ, 1595ರಲ್ಲಿ ಆರಂಭವಾದ ಪತ್ರಾಗಾರದ ಕಡತಗಳೂ ಬಾಗಿಲು ತೆರೆದಾವು.

ನಮ್ಮ ಹಿರಿಯರ ಹುಡುಕಾಟ ಗೋವೆಯನ್ನು ಮುಟ್ಟಲೇ ಇಲ್ಲ. ಮಂಗಳೂರು ಕಡೆಯ ಧರ್ಮಕೇಂದ್ರವೊಂದರಲ್ಲಿ ಅವರ ಅಜ್ಜ ಅಜ್ಜಿಯರ ವಿವಾಹದ ದಾಖಲೆ ದೊರೆಯಿತು. ವರನ ತಂದೆತಾಯಿಯರ ಹೆಸರು ಸ್ಪಷ್ಟವಾಗಿತ್ತು. ವಧುವಿನ ಹೆಸರಿನ ಮುಂದೆ ಮಾತ್ರ ‘ಹೆತ್ತವರು ಅಜ್ಞಾತ, ಅನಾಥಾಲಯದಲ್ಲಿ ಬೆಳೆದವಳು’ ಎಂದಿತ್ತು.

ಅದರ ಅರ್ಥ ತಿಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಎಳೆಯ ವಯಸ್ಸಿನಲ್ಲಿ ಅವರನ್ನು ಎತ್ತಿ ಆಡಿಸಿ, ಜಪಸರ ಹಿಡಿಯಲು ಕಲಿಸಿದ ಅಜ್ಜಿ ಅವಳು. ಅವಳ ಮೂಲ ತಿಳಿಯದೆಂದು ಅವಳ ಪ್ರೀತಿ ಸುಳ್ಳಾಗುವುದೇ?

ಸತ್ಯವನ್ನು ಅರಸುವವನು ತನಗೆ ಬೇಕಾದುದನ್ನಷ್ಟೇ ಆಯ್ದುಕೊಳ್ಳುವಂತಿಲ್ಲ. ಸಂತ ಮತ್ತಾಯನು ಪ್ರಭುವಿನ ವಂಶಾವಳಿಯನ್ನು ಬರೆಯುವಾಗ ತಾಮಾರಳನ್ನಾಗಲಿ, ರಾಹಾಬಳನ್ನಾಗಲಿ, ಪರದೇಶದ ರೂತಳನ್ನಾಗಲಿ ಮರೆಮಾಚಲಿಲ್ಲ. ಧರ್ಮಕೇಂದ್ರದ ಹಳೆಯ ಪುಸ್ತಕವೂ ಹಾಗೆಯೇ. ಜಮೀನ್ದಾರನ ಮಗುವನ್ನೂ ಅನಾಥ ಶಿಶುವನ್ನೂ ಅದು ಒಂದೇ ಶಾಯಿಯಲ್ಲಿ, ಒಂದೇ ಪುಟದಲ್ಲಿ ಬರೆದುಕೊಂಡಿದೆ.

ಹೊರಡುವಾಗ ಆ ಹಿರಿಯರು ಹೇಳಿದರು: “ಅಜ್ಜಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಿ ಗುರುಗಳೇ. ಹುಡುಗನ ಮನೆಯವರನ್ನು ಭಾನುವಾರ ಬರಹೇಳುತ್ತೇನೆ.”

ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ನಿಮ್ಮ ಮನೆಯ ಹಿರಿಯರಿರುವಾಗಲೇ ಅವರನ್ನು ಕೇಳಿ, ಬರೆದಿಡಿ. ಬಂದ ಉತ್ತರ ಯಾವುದೇ ಇರಲಿ, ಅದನ್ನು ಗೌರವದಿಂದ ಸ್ವೀಕರಿಸಿ.