ಬೆಂಗಳೂರು ನಗರ: ನೆಲದಡಿಯ ಶಿಲೆ ತಿಳಿಸುವ ಇತಿಹಾಸ

ಪೀಠಿಕೆ

ಒಂದು ನಗರದ ಇತಿಹಾಸವನ್ನು ತಿಳಿಯಲು ಶಾಸನಗಳು, ಕಡತಗಳು, ಹಳೆಯ ನಕ್ಷೆಗಳು ಹಾಗೂ ಕಟ್ಟಡಗಳು ಪ್ರಮುಖ ಆಧಾರಗಳಾಗಿವೆ. ಇವುಗಳಷ್ಟೇ ಮಹತ್ವದ ಮತ್ತೊಂದು ಆಧಾರವು ನಗರವು ನಿಂತಿರುವ ನೆಲವೇ ಆಗಿದೆ. ಊರು ಎಲ್ಲಿ ಹುಟ್ಟಿತು, ಯಾವ ದಿಕ್ಕಿನಲ್ಲಿ ಬೆಳೆಯಿತು, ನೀರನ್ನು ಹೇಗೆ ಪಡೆಯಿತು, ಯಾವ ಕಲ್ಲಿನಿಂದ ತನ್ನನ್ನು ಕಟ್ಟಿಕೊಂಡಿತು ಎಂಬ ಪ್ರಶ್ನೆಗಳಿಗೆ ಭೂವಿಜ್ಞಾನವು ಉತ್ತರ ನೀಡುತ್ತದೆ.

ಜಗತ್ತಿನ ಬಹುತೇಕ ದೊಡ್ಡ ನಗರಗಳು ನದಿ ದಂಡೆಯಲ್ಲಿ ಅಥವಾ ಸಮುದ್ರ ತೀರದಲ್ಲಿ ಬೆಳೆದಿವೆ. ಬೆಂಗಳೂರು ಇದಕ್ಕೆ ಹೊರತಾಗಿದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಈ ನಗರದ ಮಧ್ಯೆ ಯಾವ ದೊಡ್ಡ ನದಿಯೂ ಹರಿಯುವುದಿಲ್ಲ. ನದಿಯಿಲ್ಲದ ಈ ಸ್ಥಳದಲ್ಲಿ ಊರು ನೆಲೆಗೊಂಡು ಬೆಳೆದುದು ಹೇಗೆ ಎಂಬುದನ್ನು ಹಾಗೂ ಇಂದಿನ ನೀರಿನ ಸಮಸ್ಯೆಗಳ ಮೂಲವನ್ನು ಇಲ್ಲಿಯ ಶಿಲೆ ಮತ್ತು ಭೂರಚನೆಯ ಹಿನ್ನೆಲೆಯಲ್ಲಿ ಈ ಲೇಖನದಲ್ಲಿ ವಿವರಿಸಲಾಗಿದೆ.

ಬೆಂಗಳೂರಿನ ತಳಶಿಲೆ

ಬೆಂಗಳೂರಿನ ಬಹುಭಾಗವು ನೈಸ್ ಎಂಬ ಗಟ್ಟಿಶಿಲೆಯ ಮೇಲೆ ನಿಂತಿದೆ. ಭೂಮಿಯ ಆಳದಲ್ಲಿ ಅಧಿಕ ಉಷ್ಣತೆ ಹಾಗೂ ಒತ್ತಡಕ್ಕೆ ಸಿಲುಕಿ ರೂಪಾಂತರಗೊಂಡ ಈ ಶಿಲೆಯಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಎದ್ದು ಕಾಣುತ್ತವೆ. ಇದರ ಉತ್ತಮ ನಿದರ್ಶನವನ್ನು ಲಾಲ್‌ಬಾಗ್ ಸಸ್ಯೋದ್ಯಾನದ ಬಂಡೆಯಲ್ಲಿ ನೋಡಬಹುದು. ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಈ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ದಕ್ಷಿಣ ಭಾರತದಲ್ಲಿ ವಿಶಾಲವಾಗಿ ಹರಡಿರುವ ಈ ಶಿಲಾಸಮೂಹಕ್ಕೆ ‘ಪೆನಿನ್ಸುಲಾರ್ ನೈಸ್’ ಎಂಬ ಹೆಸರನ್ನು 1916ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಅವರು ಬಳಕೆಗೆ ತಂದರು.

ಇಂತಹ ಶಿಲೆಗಳ ವಯಸ್ಸನ್ನು ಅವುಗಳಲ್ಲಿರುವ ವಿಕಿರಣಶೀಲ ಧಾತುಗಳ ಆಧಾರದಿಂದ ನಿರ್ಣಯಿಸಲಾಗುತ್ತದೆ. ಯುರೇನಿಯಂ ಧಾತುವು ನಿಗದಿತ ಗತಿಯಲ್ಲಿ ಕ್ಷಯಿಸಿ ಸೀಸವಾಗಿ ಮಾರ್ಪಡುತ್ತದೆ. ಶಿಲೆಯಲ್ಲಿನ ಜಿರ್ಕಾನ್ ಹರಳುಗಳಲ್ಲಿ ಇವೆರಡರ ಪ್ರಮಾಣವನ್ನು ಅಳೆದು ಹರಳು ರೂಪುಗೊಂಡ ಕಾಲವನ್ನು ಲೆಕ್ಕ ಹಾಕಬಹುದು.

ಬಸವನಗುಡಿಯ ಕಹಳೆ ಬಂಡೆ, ಗವಿಪುರದ ಗವಿ ಗಂಗಾಧರೇಶ್ವರ ದೇವಾಲಯದ ಗುಹೆ ಹಾಗೂ ಒಂದೇ ಕಲ್ಲಿನಲ್ಲಿ ಕಡೆಯಲಾದ ದೊಡ್ಡ ಬಸವ ವಿಗ್ರಹ ಇವೆಲ್ಲವೂ ನಗರದ ದಕ್ಷಿಣ ಭಾಗದಲ್ಲಿ ನೆಲದಿಂದ ಮೇಲೆದ್ದಿರುವ ಬಂಡೆಗಳೊಂದಿಗೆ ಸಂಬಂಧ ಹೊಂದಿವೆ. ಕೆಂಪೇಗೌಡರ ಹೆಸರಿನ ಗೋಪುರಗಳಲ್ಲಿ ಒಂದು ಲಾಲ್‌ಬಾಗ್ ಬಂಡೆಯ ಮೇಲಿದೆ. ಎತ್ತರದ ಬಂಡೆಗಳು ಕಾವಲಿಗೂ ದೇವಾಲಯಗಳಿಗೂ ಸೂಕ್ತ ನೆಲೆಗಳಾಗಿದ್ದುದನ್ನು ಇದರಿಂದ ತಿಳಿಯಬಹುದು.

ದಿಣ್ಣೆ ಮತ್ತು ಕಣಿವೆಗಳು

ನಗರದ ಮಧ್ಯದಲ್ಲಿ ಉತ್ತರ ಈಶಾನ್ಯದಿಂದ ದಕ್ಷಿಣ ನೈಋತ್ಯದ ಕಡೆಗೆ ಎತ್ತರವಾದ ದಿಣ್ಣೆಯೊಂದು ಸಾಗುತ್ತದೆ. ಇದು ಮಳೆಯ ನೀರನ್ನು ಎರಡು ದಿಕ್ಕುಗಳಿಗೆ ಹಂಚುವ ಜಲವಿಭಾಜಕವಾಗಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಕಣಿವೆಯ ಮೂಲಕ ಅರ್ಕಾವತಿಯನ್ನು ಸೇರಿ, ಮುಂದೆ ಕಾವೇರಿಗೆ ಹರಿಯುತ್ತದೆ. ಪೂರ್ವಕ್ಕೆ ಬಿದ್ದ ನೀರು ಹೆಬ್ಬಾಳ ಕಣಿವೆ ಹಾಗೂ ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ.

ಎತ್ತರದ ಸ್ಥಳದಲ್ಲಿ ನೀರು ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಆದ್ದರಿಂದ ಇಲ್ಲಿ ನೆಲೆಸಿದ ಜನರಿಗೆ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಳ್ಳುವುದೇ ಬದುಕಿನ ಮೊದಲ ಅವಶ್ಯಕತೆಯಾಗಿತ್ತು. ಇದಕ್ಕೆ ಭೂರಚನೆಯೇ ಅನುಕೂಲ ಒದಗಿಸಿತು. ಕಣಿವೆಗಳು ಅಗಲವಾಗಿಯೂ ಕಡಿಮೆ ಆಳವುಳ್ಳವಾಗಿಯೂ ಇದ್ದುದರಿಂದ ಅಡ್ಡಲಾಗಿ ಮಣ್ಣಿನ ಏರಿಯನ್ನು ಕಟ್ಟಿದರೆ ಸಾಕು, ಕೆರೆ ನಿರ್ಮಾಣವಾಗುತ್ತಿತ್ತು. ಕಣಿವೆಯ ತಳದಲ್ಲಿ ಸಂಗ್ರಹವಾದ ಜೇಡಿಮಣ್ಣು ನೀರನ್ನು ಹಿಡಿದಿಡಲು ನೆರವಾಗುತ್ತಿತ್ತು.

ಕೆರೆಗಳ ಸರಣಿ

ಒಂದು ಕೆರೆ ತುಂಬಿ ಕೋಡಿ ಬಿದ್ದಾಗ ಹೆಚ್ಚುವರಿ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹರಿಯುವಂತೆ ವ್ಯವಸ್ಥೆಗೊಳಿಸಲಾಗಿತ್ತು. ಈ ದೊಡ್ಡ ಕಾಲುವೆಗಳೇ ರಾಜಕಾಲುವೆಗಳು. ಏರಿಯ ತೂಬಿನಿಂದ ಬಿಟ್ಟ ನೀರು ಅಚ್ಚುಕಟ್ಟಿನ ಗದ್ದೆ ಮತ್ತು ತೋಟಗಳಿಗೆ ಉಪಯೋಗವಾಗುತ್ತಿತ್ತು. ಎತ್ತರದ ಕೆಂಪು ಮಣ್ಣಿನ ಹೊಲಗಳಲ್ಲಿ ರಾಗಿ, ಕೆರೆಯ ಕೆಳಗಿನ ತಗ್ಗಿನಲ್ಲಿ ಭತ್ತ ಎಂಬ ಬೆಳೆಗಳ ಹಂಚಿಕೆಯೂ ಭೂರಚನೆಯನ್ನೇ ಅನುಸರಿಸಿತ್ತು. ಬೇಸಿಗೆಯಲ್ಲಿ ಕೆರೆಯಿಂದ ತೆಗೆದ ಹೂಳು ಹೊಲಗಳಿಗೆ ಗೊಬ್ಬರವಾಗಿ ಬಳಕೆಯಾಗುತ್ತಿತ್ತು.

ಊರುಗಳ ಹೆಸರುಗಳಲ್ಲಿಯೂ ಈ ಇತಿಹಾಸ ಉಳಿದಿದೆ. ಜಕ್ಕಸಂದ್ರ, ಸಿಂಗಸಂದ್ರ, ಮಲ್ಲಸಂದ್ರ ಮೊದಲಾದ ಹೆಸರುಗಳ ಕೊನೆಯಲ್ಲಿರುವ ‘ಸಂದ್ರ’ ಎಂಬುದು ದೊಡ್ಡ ಕೆರೆಯನ್ನು ಸೂಚಿಸುವ ‘ಸಮುದ್ರ’ ಪದದ ರೂಪಾಂತರವೆಂದು ವಿವರಿಸಲಾಗುತ್ತದೆ. ಬೇಗೂರಿನಲ್ಲಿ ದೊರೆತಿರುವ, ಸುಮಾರು ಕ್ರಿ.ಶ. 900ರ ವೀರಗಲ್ಲು ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಕಂಡುಬರುತ್ತದೆ. ಕೆಂಪೇಗೌಡರು 1537ರಲ್ಲಿ ಕೋಟೆ ಮತ್ತು ಪೇಟೆಯನ್ನು ಸ್ಥಾಪಿಸುವ ಶತಮಾನಗಳ ಮೊದಲೇ ಈ ಹೆಸರು ಬಳಕೆಯಲ್ಲಿದ್ದುದಕ್ಕೆ ಇದು ಸಾಕ್ಷಿಯಾಗಿದೆ.

ಕೆರೆಯ ತಳದ ಹೂಳು ಸಹ ಒಂದು ದಾಖಲೆಯೇ ಆಗಿದೆ. ಅಲುಗಾಡದೆ ಉಳಿದ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬುದು ಭೂವಿಜ್ಞಾನದ ಮೂಲ ನಿಯಮ. ಪದರಗಳಲ್ಲಿ ದೊರೆಯುವ ಪರಾಗದಿಂದ ಸುತ್ತಲಿನ ಬೆಳೆ ಹಾಗೂ ಗಿಡಮರಗಳನ್ನೂ, ಇದ್ದಿಲು ಮತ್ತಿತರ ಜೈವಿಕ ಅವಶೇಷಗಳ ಇಂಗಾಲದಿಂದ ಕಾಲವನ್ನೂ, ಲೋಹಗಳ ಅಂಶದಿಂದ ಮಾಲಿನ್ಯದ ಆರಂಭವನ್ನೂ ಗುರುತಿಸಲು ಸಾಧ್ಯವಿದೆ. ಹೂಳೆತ್ತಿದ ಕೆರೆಗಳಲ್ಲಿ ಈ ದಾಖಲೆ ಅಪೂರ್ಣವಾಗಿರುತ್ತದೆ ಎಂಬುದನ್ನು ಗಮನದಲ್ಲಿಡಬೇಕಾಗುತ್ತದೆ.

ಕಲ್ಲಿನಿಂದ ಕಟ್ಟಿದ ನಗರ

ನೈಸ್ ಮತ್ತು ಗ್ರಾನೈಟ್ ಬಂಡೆಗಳ ಮೇಲ್ಭಾಗವು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುವ ಗುಣವನ್ನು ಹೊಂದಿದೆ. ಮೇಲಿನ ಭಾರವು ಸವೆದು ಹೋದಂತೆ ಒಳಗಿನ ಶಿಲೆ ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಬಿರುಕುಗಳು ಮೂಡುವುದೇ ಇದಕ್ಕೆ ಕಾರಣ. ಕಲ್ಲುಕುಟಿಗರು ಈ ಗುಣವನ್ನು ಚೆನ್ನಾಗಿ ಅರಿತಿದ್ದರು. ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ ಪದರವನ್ನು ಎಬ್ಬಿಸುವುದು, ಸಾಲಾಗಿ ಕುಳಿ ಕೊರೆದು ಬೆಣೆ ಹೊಡೆದು ಸೀಳುವುದು ರೂಢಿಯಲ್ಲಿದ್ದ ಕ್ರಮಗಳು. ಹೀಗೆ ದೊರೆತ ಚಪ್ಪಡಿಗಳು ಮನೆಯ ನೆಲಹಾಸು, ಮಾಡು, ಚರಂಡಿಯ ಮುಚ್ಚಳ ಹಾಗೂ ಜಗಲಿಗಳಿಗೆ ಬಳಕೆಯಾದವು. ಉದ್ದನೆಯ ಕಲ್ಲುಗಳು ಕಂಬಗಳಾದವು.

ಕೆಂಪೇಗೌಡರ ಕಾಲದ ಮಣ್ಣಿನ ಕೋಟೆಯ ಸ್ಥಾನದಲ್ಲಿ 1761ರಲ್ಲಿ ಹೈದರಾಲಿಯು ಕಲ್ಲಿನ ಕೋಟೆಯನ್ನು ಕಟ್ಟಿಸಿದನು. 1956ರಲ್ಲಿ ಪೂರ್ಣಗೊಂಡ ವಿಧಾನಸೌಧವು ಗ್ರಾನೈಟ್ ಶಿಲೆಯ ಭವ್ಯ ಕಟ್ಟಡವಾಗಿದೆ. ಕಟ್ಟಡದ ಕಲ್ಲನ್ನು ಪರೀಕ್ಷಿಸುವ ಮೂಲಕ ಅದನ್ನು ಯಾವ ಪ್ರದೇಶದಿಂದ ತರಲಾಯಿತು, ಸ್ಥಳೀಯ ಕಲ್ಲಿನ ಜೊತೆಗೆ ಬೇರೆ ಕಲ್ಲು ಯಾವಾಗ ಸೇರಿತು ಎಂಬುದನ್ನು ತಿಳಿಯಬಹುದಾಗಿದೆ.

ನೆಲದಡಿಯ ನೀರು

ಗಟ್ಟಿ ನೈಸ್ ಶಿಲೆಯಲ್ಲಿ ನೀರು ತುಂಬಿಕೊಳ್ಳಲು ರಂಧ್ರಗಳಿಲ್ಲ. ಆದರೆ ಲಕ್ಷಾಂತರ ವರ್ಷಗಳ ಬಿಸಿಲು ಮಳೆಗಳಿಂದ ಶಿಲೆಯ ಮೇಲ್ಭಾಗವು ಶಿಥಿಲಗೊಂಡು ಮೃದುವಾದ ಪದರವಾಗಿ ಮಾರ್ಪಟ್ಟಿದೆ. ಇಂಗಿದ ಮಳೆನೀರು ಮೊದಲು ಈ ಪದರದಲ್ಲಿ ನಿಲ್ಲುತ್ತದೆ. ಹಿಂದಿನ ತೆರೆದ ಬಾವಿಗಳು ಈ ನೀರನ್ನೇ ಅವಲಂಬಿಸಿದ್ದವು. ಮೇಲ್ಭಾಗದ ಕೆರೆ ತುಂಬಿದರೆ ಕೆಳಗಿನ ಬಾವಿಗಳಲ್ಲಿ ನೀರು ಏರುತ್ತಿದ್ದುದು ಇದೇ ಕಾರಣದಿಂದ.

ಶಿಥಿಲ ಪದರದ ಕೆಳಗೆ ನೀರು ಇರುವುದು ಶಿಲೆಯ ಬಿರುಕುಗಳಲ್ಲಿ ಮಾತ್ರ. ಕೊಳವೆಬಾವಿಯು ಬಿರುಕನ್ನು ತಲುಪಿದರೆ ನೀರು ದೊರೆಯುತ್ತದೆ. ಇಲ್ಲವಾದರೆ ಪಕ್ಕದ ನಿವೇಶನದಲ್ಲಿ ನೀರಿದ್ದರೂ ಇಲ್ಲಿ ಬರಿ ಕಲ್ಲಿನ ಪುಡಿ ಹೊರಬರುತ್ತದೆ. ಆಳದ ಬಿರುಕುಗಳಿಗೆ ನೀರು ಮರುಪೂರಣವಾಗುವುದು ಅತಿ ನಿಧಾನ. ಆದ್ದರಿಂದ ಆಳಕ್ಕೆ ಕೊರೆದಷ್ಟೂ ನೀರು ಹೆಚ್ಚು ದೊರೆಯುತ್ತದೆ ಎಂಬ ಭಾವನೆಯು ಸರಿಯಲ್ಲ.

ಕೆರೆಗಳು ಮರೆಯಾದ ಬಗೆ

1896ರಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ಕೊಳವೆಯ ಮೂಲಕ ನೀರು ತರಲಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಜಲಾಶಯವೂ, 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತವೂ ಬಳಕೆಗೆ ಬಂದವು. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಬೇಕಾಗಿದೆ. ಯೋಜನೆಯ 5ನೇ ಹಂತವು 2024ರ ಅಕ್ಟೋಬರ್‌ನಲ್ಲಿ ಲೋಕಾರ್ಪಣೆಗೊಂಡಿತು.

ನೀರು ದೂರದಿಂದ ಬರಲಾರಂಭಿಸಿದ ನಂತರ ಊರಿನೊಳಗಿನ ಕೆರೆಗಳ ಅವಶ್ಯಕತೆ ಕಡಿಮೆಯಾದಂತೆ ಕಂಡಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯ ಅಂಗಳದಲ್ಲಿ ಹಾಕಿ ಕ್ರೀಡಾಂಗಣಗಳು ನಿರ್ಮಾಣವಾದವು. ಕೆರೆ ಇಲ್ಲವಾದರೂ ಕಣಿವೆ ಇಲ್ಲವಾಗುವುದಿಲ್ಲ. ಮಳೆಯ ನೀರು ಹಿಂದಿನಂತೆಯೇ ತಗ್ಗನ್ನು ಹುಡುಕಿಕೊಂಡು ಹರಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ನಗರದ ಪೂರ್ವ ಭಾಗದ ಬೆಳ್ಳಂದೂರು ಮತ್ತು ಮಹದೇವಪುರ ಸುತ್ತಲಿನ ಬಡಾವಣೆಗಳು ಜಲಾವೃತಗೊಂಡವು. ಇದಾದ ಒಂದೂವರೆ ವರ್ಷದೊಳಗೆ, 2023ರ ಮಳೆಯ ಅಭಾವದ ಪರಿಣಾಮವಾಗಿ, 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ನೆರೆ ಮತ್ತು ನೀರಿನ ಕೊರತೆ ಎರಡೂ ಒಂದೇ ಕಾರಣದ ಎರಡು ಮುಖಗಳು: ಬಿದ್ದ ಮಳೆಗೆ ನಿಲ್ಲಲು ಮತ್ತು ಇಂಗಲು ಸ್ಥಳ ಕಡಿಮೆಯಾಗಿರುವುದು.

ಇಂದಿನ ಕಾಮಗಾರಿಗಳಲ್ಲಿ ಭೂವಿಜ್ಞಾನ

ನಗರದ ಮೆಟ್ರೊ ಸುರಂಗ ಕಾಮಗಾರಿಯಲ್ಲಿ ಮೃದುವಾದ ಮಣ್ಣು, ಅದರೊಳಗೆ ಹುದುಗಿದ ದೊಡ್ಡ ಬಂಡೆಗಳು ಹಾಗೂ ಗಟ್ಟಿಶಿಲೆ ಬೆರೆತಿರುವ ಮಿಶ್ರ ಭೂಸ್ತರವು ಯಂತ್ರಗಳಿಗೆ ಸವಾಲಾಗಿ ಪರಿಣಮಿಸಿತು. ಶಿಲೆಯು ಎಲ್ಲೆಡೆ ಸಮನಾಗಿ ಶಿಥಿಲಗೊಳ್ಳದೆ, ನಡುವೆ ಗಟ್ಟಿ ಬಂಡೆಗಳು ಉಳಿದುಕೊಳ್ಳುವುದೇ ಇದಕ್ಕೆ ಕಾರಣ. ಅಂತೆಯೇ ಹೂಳು ತುಂಬಿದ ಹಳೆಯ ಕೆರೆಯಂಗಳಗಳಲ್ಲಿ ಮಣ್ಣು ಮೆತ್ತಗಿರುವುದರಿಂದ ಕಟ್ಟಡದ ಬುನಾದಿಗೆ ವಿಶೇಷ ಎಚ್ಚರಿಕೆ ಅಗತ್ಯವಾಗಿದೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ನಿವೇಶನ ಅಥವಾ ಮನೆ ಕೊಳ್ಳುವ ಮುನ್ನ ಹಳೆಯ ಗ್ರಾಮನಕ್ಷೆಯಲ್ಲಿ ಕೆರೆ, ಕೋಡಿ ಹಾಗೂ ರಾಜಕಾಲುವೆಗಳ ಸ್ಥಾನವನ್ನು ಪರಿಶೀಲಿಸುವುದು.

2. ಕಟ್ಟಡ ಕಟ್ಟುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸುವುದು. ಅಕ್ಕಪಕ್ಕದ ಕಟ್ಟಡದ ಬುನಾದಿಯನ್ನು ಹಾಗೆಯೇ ಅನುಸರಿಸದಿರುವುದು.

3. ಕೊಳವೆಬಾವಿ ಕೊರೆಸುವ ಮುನ್ನ ನಿಯಮಾನುಸಾರ ಅನುಮತಿ ಪಡೆದು, ಭೂವಿಜ್ಞಾನಿಗಳ ಸಲಹೆ ಪಡೆಯುವುದು.

4. ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಕೊಯ್ಲನ್ನು 2009ರಲ್ಲಿ ಕಡ್ಡಾಯಗೊಳಿಸಲಾಗಿದೆ. ಚಾವಣಿಯ ನೀರನ್ನು ಸಂಗ್ರಹಿಸುವುದರ ಜೊತೆಗೆ ಇಂಗುಬಾವಿಯ ಮೂಲಕ ಶಿಥಿಲ ಪದರಕ್ಕೆ ಸೇರಿಸುವುದು.

5. ರಾಜಕಾಲುವೆಗಳಿಗೆ ಕಟ್ಟಡದ ಅವಶೇಷ ಹಾಗೂ ಕಸವನ್ನು ಸುರಿಯದಿರುವುದು.

6. ಬಡಾವಣೆಯಲ್ಲಿ ಉಳಿದಿರುವ ಬಂಡೆ, ಶಾಸನ, ವೀರಗಲ್ಲು ಮತ್ತು ಹಳೆಯ ತೂಬುಗಳಿಗೆ ಹಾನಿ ಮಾಡದೆ ಸಂರಕ್ಷಿಸುವುದು.

ಉಪಸಂಹಾರ

ಬೆಂಗಳೂರಿನ ಹಿಂದಿನ ತಲೆಮಾರಿನವರು ಭೂವಿಜ್ಞಾನದ ಪಾರಿಭಾಷಿಕ ಪದಗಳನ್ನು ಅರಿತಿರಲಿಲ್ಲವಾದರೂ ನೆಲದ ಏರುತಗ್ಗುಗಳನ್ನು, ಕಲ್ಲಿನ ಗುಣವನ್ನು, ನೀರಿನ ದಾರಿಯನ್ನು ಸೂಕ್ಷ್ಮವಾಗಿ ಗಮನಿಸಿ ಊರನ್ನು ಕಟ್ಟಿದ್ದರು. ಅವರು ಕಟ್ಟಿದ ಕೆರೆಗಳಲ್ಲಿ ಹಲವು ಇಂದಿಗೂ ಉಳಿದಿವೆ. ಇವುಗಳನ್ನು ಹಾಗೂ ಇವುಗಳನ್ನು ಜೋಡಿಸುವ ಕಾಲುವೆಗಳನ್ನು ಉಳಿಸಿಕೊಂಡಲ್ಲಿ ಮಾತ್ರ ನದಿಯಿಲ್ಲದ ಈ ನಗರದ ನೀರಿನ ಭದ್ರತೆ ಸಾಧ್ಯ.