ಈದ್‌ಗೆ ಗೇಮ್ ಕೊಡಿಸುವ ಮುಂಚೆ ಒಂದಿಷ್ಟು ಲೆಕ್ಕ

ರಂಜಾನ್‌ನ ಇಪ್ಪತ್ತನೇ ರೋಜಾದ ರಾತ್ರಿ ರಿಯಾದ್‌ನಿಂದ ಮಾಮು ಫೋನ್ ಮಾಡಿದರು. ಪ್ರತಿ ವರ್ಷ ಮಕ್ಕಳಿಗೆ ಈದಿ ಎಂದು ತಲಾ ಐನೂರು ರೂಪಾಯಿ ಕಳಿಸುತ್ತಿದ್ದವರು ಈ ಸಲ 15,000 ರೂಪಾಯಿ ಒಟ್ಟಿಗೆ ಅಬ್ಬಾನ ಖಾತೆಗೆ ಹಾಕಿದ್ದರು. "ರಜೆ ಬಂತು, ಮಕ್ಕಳು ಬಿಸಿಲಲ್ಲಿ ಅಲೆಯೋದು ಬೇಡ. ಎಲ್ಲರಿಗೂ ಏನಾದರೂ ಗೇಮ್ ಕೊಡಿಸಿ. ಯಾವುದು ಅಂತ ನೀನೇ ಆರಿಸು, ಕಾಮರ್ಸ್ ಓದ್ತೀಯಲ್ಲ" ಎಂದು ನನಗೆ ಒಪ್ಪಿಸಿದರು.

ಎಲ್ಲರೂ ಎಂದರೆ ಮೂರು ಊರಿನ ಮೂರು ಮನೆ. ಆಳಂದದಲ್ಲಿ ನಾನು ಮತ್ತು ಹದಿಮೂರು ವರ್ಷದ ನನ್ನ ತಮ್ಮ. ಅಫಜಲಪುರದಲ್ಲಿ ಚಿಕ್ಕ ಖಾಲಾ, ಅವರ ಹತ್ತು ವರ್ಷದ ಮಗ ಮತ್ತು ನಾನಿ. ಜೇವರ್ಗಿಯಲ್ಲಿ ದೊಡ್ಡ ಖಾಲಾ, ಡಿಪ್ಲೊಮಾ ಓದುವ ಅವರ ಮಗ, ಹೆರಿಗೆಗೆ ತವರಿಗೆ ಬಂದಿರುವ ಬಾಜಿ ಮತ್ತು ಬಾಜಿಯ ನಾಲ್ಕು ವರ್ಷದ ಮಗಳು. ಸುದ್ದಿ ಸೆಹರಿಯೊಳಗೇ ಮೂರೂ ಊರು ಮುಟ್ಟಿತು. ಬೆಳಿಗ್ಗೆ ನನ್ನ ಫೋನಿನಲ್ಲಿ ನಾಲ್ಕು ಮೆಸೇಜ್, ಅದರಲ್ಲಿ ಮೂರರಲ್ಲಿ ಬರೆದದ್ದು ಒಂದೇ: ಪಿಎಸ್5.

ಸುಮ್ಮನೆ ಎಲ್ಲರಿಗೂ ಹಣ ಹಂಚಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದಿರಲು ಒಂದು ಕಾರಣವಿದೆ. ಎರಡು ವರ್ಷದ ಹಿಂದೆ ಇದೇ ರಂಜಾನ್‌ನಲ್ಲಿ ನನ್ನ ತಮ್ಮ ಅಮ್ಮಿಯ ಫೋನಿನಲ್ಲಿ ಒಂದು ಶೂಟಿಂಗ್ ಗೇಮ್ ಆಡುತ್ತಿದ್ದ. ಗೇಮ್ ಪುಕ್ಕಟೆ. ಆದರೆ ಅದರೊಳಗೆ ಬಂದೂಕಿಗೆ ಬಣ್ಣ, ಆಟಗಾರನಿಗೆ ಅಂಗಿ ಕೊಳ್ಳಲು 'ಡೈಮಂಡ್' ಬೇಕು, ಡೈಮಂಡ್‌ಗೆ ದುಡ್ಡು ಬೇಕು. ಅಮ್ಮಿಯ ಯುಪಿಐ ಪಿನ್ ಅವನಿಗೆ ಗೊತ್ತಿತ್ತು, ಏಕೆಂದರೆ ಕಿರಾಣಿ ಅಂಗಡಿಗೆ ಹೋಗುತ್ತಿದ್ದವನು ಅವನೇ. ಒಮ್ಮೆ 80, ಒಮ್ಮೆ 240, ಒಮ್ಮೆ 400 ಎಂದು ಹನ್ನೆರಡು ದಿನದಲ್ಲಿ 4,260 ರೂಪಾಯಿ ಹೋಯಿತು. ಅದು ಅಮ್ಮಿ ಈದ್‌ಗೆ ಊರವರ ಬಟ್ಟೆ ಹೊಲಿದು ಕೂಡಿಸಿದ್ದ ಹಣ. ಅಮ್ಮಿ ಅವನಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಆ ಈದ್‌ಗೆ ತಾನು ಹೊಸ ಬಟ್ಟೆ ಹೊಲಿದುಕೊಳ್ಳಲಿಲ್ಲ, ಅಷ್ಟೇ. ಅದನ್ನು ನೋಡಿದವರಿಗೆ ಗೇಮ್ ಉಡುಗೊರೆ ಎಂದರೆ ಪೆಟ್ಟಿಗೆಯ ಮೇಲಿನ ಬೆಲೆ ಮಾತ್ರವಲ್ಲ ಎಂದು ಬೇರೆ ಹೇಳಬೇಕಿಲ್ಲ.

ಮೊದಲು ಪಿಎಸ್5 ಲೆಕ್ಕ ನೋಡೋಣ, ಎಲ್ಲರೂ ಕೇಳುವುದು ಅದನ್ನೇ. ಸೋನಿ ಕಂಪನಿ ಇದನ್ನು ಭಾರತದಲ್ಲಿ ಮಾರಲು ಶುರು ಮಾಡಿದ್ದು 2021ರ ಫೆಬ್ರವರಿ 2ರಂದು. ಆಗ ಡಿಸ್ಕ್ ಇರುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990. ಹತ್ತು ಸಾವಿರ ಉಳಿಯಿತೆಂದು ಡಿಜಿಟಲ್ ಕೊಳ್ಳುವವರು ಒಂದು ವಿಷಯ ಮರೆಯುತ್ತಾರೆ. ಡಿಸ್ಕ್ ಆದರೆ ಆಡಿ ಮುಗಿಸಿ ಅಣ್ಣತಮ್ಮಂದಿರಿಗೆ ಕೊಡಬಹುದು, ಅರ್ಧ ಬೆಲೆಗೆ ಮಾರಲೂಬಹುದು. ಡಿಜಿಟಲ್ ಗೇಮ್‌ಗೆ ಮರುಮಾರಾಟ ಮೌಲ್ಯ ಸೊನ್ನೆ. ಮೇಲಾಗಿ ಅದು ಇಂಟರ್‌ನೆಟ್‌ನಿಂದಲೇ ಇಳಿಯಬೇಕು. ಈಗಿನ ದೊಡ್ಡ ಗೇಮ್‌ಗಳಲ್ಲಿ ಕೆಲವು 100 ಜಿಬಿ ಮುಟ್ಟುತ್ತವೆ. ನಮ್ಮ ಮನೆಗಳಲ್ಲಿರುವುದು ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್. ಭಾಗಿಸಿ ನೋಡಿ: 67 ದಿನ. ಬೇಸಿಗೆ ರಜೆ ಮುಗಿದು ಕಾಲೇಜು ಶುರುವಾದ ಮೇಲೆ ಗೇಮ್ ತೆರೆಯುತ್ತದೆ.

ಇನ್ನು ಕರೆಂಟ್. ದೊಡ್ಡ ಗೇಮ್ ಆಡುವಾಗ ಪಿಎಸ್5 ಸುಮಾರು 200 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ 12 ಯೂನಿಟ್, ಟಿವಿಯದು ಬೇರೆ. ಇದೇನು ಮಹಾ ಎನ್ನಬೇಡಿ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆ ನೋಡಿ ಮಿತಿ ಹಾಕಿದ್ದಾರೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಬೇಸಿಗೆಯಲ್ಲಿ ಕೂಲರ್ ಹಗಲು ರಾತ್ರಿ ತಿರುಗುವ ಕಲಬುರಗಿ ಜಿಲ್ಲೆಯಲ್ಲಿ ಆ 12 ಯೂನಿಟ್ ಎಲ್ಲಿ ಕೊಂಡೊಯ್ದು ನಿಲ್ಲಿಸುತ್ತದೆ ಎಂಬುದನ್ನು ಜೆಸ್ಕಾಂ ಬಿಲ್ಲು ನೋಡಿದವರಿಗೆ ಕೇಳಿ. ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ನನಗೆ ಸರಿಯಾಗಿ ತಿಳಿದದ್ದು ಆ ದಿನವೇ.

ಹೀಗೆ ಪಿಎಸ್5 ಪಟ್ಟಿಯಿಂದ ಹೋಯಿತು. ಆಮೇಲೆ ಒಬ್ಬೊಬ್ಬರ ವಯಸ್ಸು, ಒಂದೊಂದು ಮನೆಯ ಟಿವಿ ನೋಡಿ ಯೋಚಿಸಬೇಕಾಯಿತು.

ಜೇವರ್ಗಿಯ ನಾಲ್ಕು ವರ್ಷದ ಹುಡುಗಿಯದು ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಈ ವಯಸ್ಸಿನ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅವಳ ಆ ಒಂದು ಗಂಟೆಯನ್ನು ಬಾಜಿಯ ಫೋನಿನ ಕಾರ್ಟೂನ್ ಈಗಾಗಲೇ ತಿಂದಿದೆ. ಆದ್ದರಿಂದ ಅವಳಿಗೆ ಗೇಮ್ ಬೇಡ, ಜೋಡಿಸಿ ಮನೆ ಕಟ್ಟುವ ಬ್ಲಾಕ್ಸ್ ಸಾಕು ಎಂದು ತೀರ್ಮಾನಿಸಿದೆ. ಅಂಗಡಿಯಲ್ಲಿ ಲೈಟ್ ಮಿನುಗುವ, ಹಾಡು ಹೇಳುವ ಪುಟ್ಟ ಆಟಿಕೆಗಳನ್ನೂ ತೋರಿಸಿದರು. ಅವುಗಳಲ್ಲಿ ಕೆಲವಕ್ಕೆ ಗುಂಡಿಯಾಕಾರದ ಸಣ್ಣ ಸೆಲ್ ಇರುತ್ತದೆ, ಸ್ಕ್ರೂ ಇಲ್ಲದ ಮುಚ್ಚಳ ಉಗುರಿನಿಂದಲೇ ತೆರೆಯುತ್ತದೆ. ಆ ಸೆಲ್ ನುಂಗಿದರೆ ಮಗುವಿನ ಅನ್ನನಾಳ ಸುಡುತ್ತದೆ, ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳಿಗೆ ಏನೇ ಕೊಡಿಸಿದರೂ ಸೆಲ್ ಹಾಕುವ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡಿಯೇ ತನ್ನಿ. ಬ್ಲಾಕ್ಸ್‌ಗೆ 650 ರೂಪಾಯಿ.

ಅಫಜಲಪುರದ ಹುಡುಗ ನನ್ನನ್ನು ಜಾಸ್ತಿ ಯೋಚಿಸುವಂತೆ ಮಾಡಿದ. ಅವನು ಕೇಳಿದ್ದು "ಕಾರ್ ಗೇಮ್". ಯಾವುದು ಎಂದರೆ ಜಿಟಿಎ. ಕಾರು ಕದಿಯುವುದು, ಜನರನ್ನು ಕೊಲ್ಲುವುದು ತುಂಬಿರುವ ಆ ಗೇಮ್‌ನ ಡಿಸ್ಕ್ ಮೇಲೆ ದೊಡ್ಡದಾಗಿ 18 ಎಂದು ಬರೆದಿರುತ್ತದೆ. ಖಾಲಾಗೆ ಅದು ಹದಿನೆಂಟನೇ ಭಾಗ ಎಂದುಕೊಂಡಿದ್ದರಂತೆ! ಡಿಸ್ಕ್‌ನ ಮೇಲಾಗಲಿ ಪ್ಲೇ ಸ್ಟೋರ್‌ನಲ್ಲಾಗಲಿ 3, 7, 12, 16, 18 ಎಂದು ಕಾಣುವುದು ವಯಸ್ಸು. ಆದರೆ ಆ ಅಂಕಿಯಲ್ಲಿ ಎರಡು ಸಂಗತಿ ಇರುವುದಿಲ್ಲ. ಆಟ ಎಷ್ಟು ಕಷ್ಟ ಎಂದು ಅದು ಹೇಳುವುದಿಲ್ಲ, 3 ಎಂದಿರುವ ಫುಟ್‌ಬಾಲ್ ಗೇಮ್ ಅನ್ನು ಮೂರು ವರ್ಷದ ಮಗು ಆಡಲಾರದು. ಒಳಗೆ ಎಷ್ಟು ದುಡ್ಡು ಕೇಳುತ್ತದೆ ಎಂದೂ ಅದು ಹೇಳುವುದಿಲ್ಲ. ಅದಕ್ಕೆ ಪ್ಲೇ ಸ್ಟೋರ್‌ನಲ್ಲಿ ಗೇಮ್ ಹೆಸರಿನ ಕೆಳಗೆ ಆ್ಯಪ್ ಒಳಗೆ ಖರೀದಿ ಇದೆ ಎಂಬ ಸಣ್ಣ ಅಕ್ಷರಗಳಿರುತ್ತವೆ. ನಮ್ಮ ಮನೆಯ ಪರ್ಸಿಗೆ ಅಂಕಿಗಿಂತ ಆ ಸಣ್ಣ ಅಕ್ಷರಗಳೇ ಮುಖ್ಯ.

ಅವರ ಮನೆಯ ಟಿವಿ ನಾನಿಯದು, ಹಿಂದೆ ಡುಬ್ಬ ಇರುವ ಹಳೆಯ ಕಾಲದ್ದು. ಗುಜರಿಗೆ ಹಾಕೋಣ ಎಂದು ಖಾಲಾ, ಕೂಡದು ಎಂದು ನಾನಿ, ವರ್ಷಗಳಿಂದ ಜಗಳ. ಈಗ ಎಲ್ಲೆಡೆ ಮಾರುವ ಪೆನ್‌ಡ್ರೈವ್‌ನಂಥ ಗೇಮ್ ಸ್ಟಿಕ್‌ಗೆ ಎಚ್‌ಡಿಎಂಐ ಕಿಂಡಿ ಬೇಕು, ಇದರಲ್ಲಿ ಇರುವುದು ಹಳದಿ, ಬಿಳಿ, ಕೆಂಪು ಪಿನ್ ಚುಚ್ಚುವ ತೂತು. ಅಂಗಡಿಯವರು "ಇದ್ರಾಗ ಹತ್ತು ಸಾವಿರ ಗೇಮ್ ಅದಾವ್ರೀ" ಎಂದು ಸ್ಟಿಕ್ಕನ್ನೇ ಮುಂದೆ ಮಾಡಿದರು. ಹಚ್ಚಿ ತೋರಿಸಿ ಎಂದೆ. ಪುಟ ತಿರುಗಿಸುತ್ತಾ ಹೋದರೆ ಒಂದೇ ಗೇಮ್ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ. ಅದೂ ಯಾರ ಅನುಮತಿಯೂ ಇಲ್ಲದೆ ತುಂಬಿದ ನಕಲು.

ಕೊನೆಗೆ ಕೊಂಡದ್ದು ಅಬ್ಬಾನ ಕಾಲದ 'ಟಿವಿ ಗೇಮ್'. ಎರಡು ರಿಮೋಟ್, ಒಂದು ಬಂದೂಕು, 1,100 ರೂಪಾಯಿ. ಇದೂ ನಕಲಿನ ವಂಶದ್ದೇ, ಅದನ್ನು ಮುಚ್ಚಿಡುವುದಿಲ್ಲ. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಕಂಪನಿ ತಂದ ಫ್ಯಾಮಿಲಿ ಕಂಪ್ಯೂಟರ್ ಎಂಬ ಯಂತ್ರವನ್ನು ನೋಡಿ ಮಾಡಿದವೇ ನಮ್ಮ ಜಾತ್ರೆ, ಉರುಸುಗಳ ಅಂಗಡಿಗೆ ಬಂದ ಟಿವಿ ಗೇಮ್‌ಗಳು. ಇದಕ್ಕೆ ಇಂಟರ್‌ನೆಟ್ ಬೇಡ, ಖಾತೆ ಬೇಡ, ಡೈಮಂಡ್ ಇಲ್ಲ. ಬಂದೂಕಿನ ಗುಟ್ಟು ನನಗೂ ಈಗಲೇ ತಿಳಿದದ್ದು. ಕುದುರೆ ಒತ್ತಿದ ಕೂಡಲೇ ಪರದೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಸೆನ್ಸರ್ ಆ ಬೆಳಕನ್ನು ಹಿಡಿದರೆ ಗುರಿ ತಗುಲಿದಂತೆ. ಅಂದರೆ ಬಂದೂಕಿನಿಂದ ಏನೂ ಹಾರುವುದಿಲ್ಲ, ಬೆಳಕು ಬರುವುದೇ ಟಿವಿಯಿಂದ. ಎಲ್‌ಇಡಿ ಟಿವಿಯಲ್ಲಿ ಚಿತ್ರ ಸ್ವಲ್ಪ ತಡವಾಗಿ ಮೂಡುವುದರಿಂದ ಈ ಹಳೆಯ ಬಂದೂಕು ಅಲ್ಲಿ ನಡೆಯುವುದಿಲ್ಲ. ಡುಬ್ಬದ ಟಿವಿಯೇ ಬೇಕು. ಇದನ್ನು ನಾನಿಗೆ ಹೇಳಿದಾಗ ಅವರು ಖಾಲಾ ಕಡೆ ನೋಡಿದ ನೋಟ ನೀವು ನೋಡಬೇಕಿತ್ತು.

ಜೇವರ್ಗಿಯ ಭಾಯಿಗೆ ಹತ್ತೊಂಬತ್ತು ವರ್ಷ. ಅವನ ಬಳಿ ಲ್ಯಾಪ್‌ಟಾಪ್ ಇದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಹೊಸ ಗೇಮ್ ತಡವರಿಸುತ್ತದೆ, ಹಳೆಯವು ಓಡುತ್ತವೆ. 2006ರಲ್ಲಿ ಬಂದ ಕ್ರಿಕೆಟ್ 07 ಅನ್ನು ನಮ್ಮ ಹುಡುಗರು ಇಂದಿಗೂ ಬಿಟ್ಟಿಲ್ಲ. ಅದಕ್ಕೆ ತಂತಿ ಇರುವ ಒಂದು ಗೇಮ್‌ಪ್ಯಾಡ್ ತಂದೆವು, 1,150 ರೂಪಾಯಿ. ಬಿಲ್ಲಿನಲ್ಲಿ ಜಿಎಸ್‌ಟಿ 18 ಪ್ರತಿಶತ ಇತ್ತು. ಗೇಮ್ ಕನ್ಸೋಲ್‌ಗಳ ಮೇಲೆ ಮೊದಲು 28 ಇದ್ದದ್ದು 2019ರ ಜನವರಿ 1ರಿಂದ 18ಕ್ಕೆ ಇಳಿದಿದೆ. ಭಾಯಿ ಮೊದಲು "ನನಗೆ ಹಣವೇ ಕೊಡು, ಆಡಿ ಎರಡರಷ್ಟು ಮಾಡ್ತೀನಿ" ಎಂದಿದ್ದ. ಹಣ ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿದೆ. ಕಾನೂನು ಬರುವ ಮೊದಲೂ ನಮ್ಮ ಮನೆಯಲ್ಲಿ ಅದರ ಹೆಸರು ಜೂಜು ಎಂದೇ ಇತ್ತು. ಅವನ ಜತೆ ವಾದ ಬೆಳೆಸಲಿಲ್ಲ.

ಉಳಿದವನು ನನ್ನ ತಮ್ಮ. ಹದಿಮೂರರ ವಯಸ್ಸೇ ಕಷ್ಟದ್ದು: ಆಟಿಕೆ ಕೊಟ್ಟರೆ ಅವಮಾನ, ಫೋನ್ ಕೊಟ್ಟರೆ ಭಯ. ಫೋನ್ ಗೇಮ್‌ನಲ್ಲಿ ಕೊಂಡ ವಸ್ತು ನಮ್ಮದಾಗಿ ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಫ್ರೀ ಫೈರ್. ಅಂಥ ದಿನ ಬಂದರೆ ದುಡ್ಡು ಕೊಟ್ಟು ಕೊಂಡ ಅಂಗಿ, ಬಂದೂಕುಗಳನ್ನು ಯಾವ ಖಾತೆಗೆ ಬರೆಯುವುದು?

ಅವನಿಗೆ ನಾನು ಏನನ್ನೂ ಆರಿಸಲಿಲ್ಲ. ಪಿಎಸ್5 ಲೆಕ್ಕದ ಹಾಳೆಯನ್ನು ಅವನ ಮುಂದಿಟ್ಟೆ. ಎರಡು ದಿನ ಮುಖ ಊದಿಸಿಕೊಂಡಿದ್ದವನು ಮೂರನೇ ದಿನ ತಾನೇ ಬಂದು ಸೆಕೆಂಡ್ ಹ್ಯಾಂಡ್ ಪಿಎಸ್3 ಎಂದ. 2006ರಲ್ಲಿ ಬಂದ ಯಂತ್ರ, ಆದರೆ ಎಚ್‌ಡಿಎಂಐಗೂ ಹತ್ತುತ್ತದೆ, ಹಳೆಯ ಮೂರು ಪಿನ್ನಿಗೂ ಹತ್ತುತ್ತದೆ. ಡಿಸ್ಕ್ ಹಾಕಿದರೆ ಹೆಚ್ಚಿನ ಗೇಮ್‌ಗಳು ಇಂಟರ್‌ನೆಟ್ ಕೇಳುವುದಿಲ್ಲ. ಇದರ ಡಿಸ್ಕ್‌ಗಳಿಗೆ ದೇಶದ ಬೀಗ ಬಹುತೇಕ ಇಲ್ಲ, ಮಾಮು ಸೌದಿಯಿಂದ ತಂದದ್ದೂ ನಡೆಯುತ್ತದೆ. ಇಷ್ಟನ್ನೂ ಅವನೇ ಹುಡುಕಿ ಬರೆದಿದ್ದ.

ಅಬ್ಬಾ, ನಾನು, ತಮ್ಮ ಮೂವರೂ ಬಸ್ಸು ಹತ್ತಿ ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೋದೆವು. ನಾನು ಪ್ರಶ್ನೆ ಕೇಳಿದರೂ ಅಂಗಡಿಯವರು ಉತ್ತರ ಹೇಳುತ್ತಿದ್ದದ್ದು ಅಬ್ಬಾನಿಗೆ. ಹುಡುಗಿಯರು ಗೇಮ್ ಆಡುತ್ತಾರೆ ಎಂದು ಈ ಅಂಗಡಿಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಹಳೆಯ ಕನ್ಸೋಲ್ ಕೊಳ್ಳುವವರು ಐದು ನಿಮಿಷದಲ್ಲಿ ನೋಡಿ ಬರಬೇಡಿ. ನಾವು ಮುಕ್ಕಾಲು ಗಂಟೆ ಅಲ್ಲೇ ಕೂತು ಆಡಿದೆವು. ಬಿಸಿಯಾದ ಮೇಲೆ ಫ್ಯಾನ್ ಗಿರಣಿಯಂತೆ ಕೂಗುತ್ತದೆಯೇ, ಎರಡು ಮೂರು ಬೇರೆ ಬೇರೆ ಡಿಸ್ಕ್ ಓದುತ್ತದೆಯೇ, ಕೈ ಬಿಟ್ಟಾಗಲೂ ಆಟಗಾರ ತಾನಾಗಿ ನಡೆಯುತ್ತಾನೆಯೇ ಎಂದು ನೋಡಬೇಕು. ಹಾಗೆ ನಡೆದರೆ ರಿಮೋಟಿನ ಕಡ್ಡಿ ಸವೆದಿದೆ ಎಂದರ್ಥ. ಮೊದಲ ಯಂತ್ರ ಈ ಮೂರನೆಯದರಲ್ಲಿ ಫೇಲಾಯಿತು. ಎರಡನೆಯದನ್ನು ಎರಡು ರಿಮೋಟ್, ಒಂದು ಫುಟ್‌ಬಾಲ್, ಒಂದು ಕ್ರಿಕೆಟ್ ಡಿಸ್ಕ್ ಸೇರಿ 9,200ಕ್ಕೆ ಕೊಟ್ಟರು. ಹದಿನೈದು ದಿನದಲ್ಲಿ ಕೆಟ್ಟರೆ ಬದಲಿ ಎಂದು ಬಿಲ್ಲಿನ ಮೇಲೆ ಬರೆಸಿಕೊಂಡೆವು. ಎರಡನೇ ರಿಮೋಟ್ ನನ್ನದು. ಮಾಮುವಿನ ಪಟ್ಟಿಯಲ್ಲಿ ನನಗೆ ಏನು ಬೇಕು ಎಂದು ಯಾರೂ ಕೇಳಿರಲಿಲ್ಲ, ನಾನೇ ಕೇಳಿಕೊಂಡೆ.

ಈದ್ ದಿನ ಸಂಜೆ ಶೀರ್ ಖುರ್ಮಾ ಕುಡಿದು ಲೆಕ್ಕ ಬರೆಯಲು ಕೂತೆ. 650, 1,100, 1,150, 9,200. ಒಟ್ಟು 12,100. ಉಳಿದದ್ದು 2,900. ಫೋನ್ ಮಾಡಿದರೆ ಮಾಮು "ಅದನ್ನೇನು ವಾಪಸ್ ಕಳಿಸ್ತೀಯಾ? ಇಟ್ಕೊಳ್ಳಿ" ಎಂದು ನಕ್ಕರು. ಇನ್ನೆರಡು ಡಿಸ್ಕ್ ಬರುತ್ತಿತ್ತು. ತಮ್ಮನ ಕಡೆ ನೋಡಿದೆ. ಅವನು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು 2,900ರ ಮುಂದೆ 'ಅಮ್ಮಿ' ಎಂದು ಬರೆದ. ಅದರ ಕೆಳಗೆ 4,260 ಎಂದು ಬರೆದು, ಕಳೆದು, ಗೆರೆ ಎಳೆದ.

"ಇನ್ನೂ 1,360 ಬಾಕಿ, ಆಪಾ" ಎಂದ.