ಏಟಿನ ಲೆಕ್ಕ

ಗುಂಡಗುರ್ತಿಯ ನಮ್ಮ ಮನೆಯ ಮುಂದೆ ಶಹಾಬಾದ ಕಲ್ಲು ಹಾಸಿದ ಒಂದು ಕಟ್ಟೆಯಿದೆ. ಹಗಲೆಲ್ಲ ಕಾದ ಕಲ್ಲು ಸಂಜೆಯ ಹೊತ್ತಿಗೆ ಕೂಡಬಹುದಾದಷ್ಟು ತಣಿಯುತ್ತದೆ. ಹಿಂದೆ ಆ ಹೊತ್ತಿನಲ್ಲಿ ಅಲ್ಲಿ ಹಿರಿಯರು ಕುಳಿತು ಮಳೆಯ ಮಾತನ್ನೂ ತೊಗರಿಯ ಧಾರಣೆಯ ಮಾತನ್ನೂ ಆಡುತ್ತಿದ್ದರು. ಈಗ ನಾಲ್ವರು ಹುಡುಗರು ಕೂಡುತ್ತಾರೆ. ನಾಲ್ವರ ಕೈಯಲ್ಲೂ ಫೋನು, ನಾಲ್ವರ ತಲೆಯೂ ಬಾಗಿದ್ದು. ದೂರದಿಂದ ಕಂಡವರು ಧ್ಯಾನವೆಂದು ಭ್ರಮಿಸಿಯಾರು. ಹತ್ತಿರ ಬಂದರೆ ಗುಂಡಿನ ಸದ್ದು ಕೇಳುತ್ತದೆ.

ಮೊನ್ನೆ ಆ ಸದ್ದು ನಿಂತ ಮೇಲೆ ಬೇರೊಂದು ಸದ್ದು ಎದ್ದಿತು. ನನ್ನ ಮೊಮ್ಮಗನೂ ಕೆಳಗಿನ ಓಣಿಯ ಅವನ ಗೆಳೆಯನೂ ಜಗಳಕ್ಕೆ ನಿಂತಿದ್ದರು.

“ನಾ ಒಬ್ನೇ ಹನ್ನೊಂದ್ನೂರ ಡ್ಯಾಮೇಜ್ ಕೊಟ್ಟೀನಿ. ನೀ ಏನ್ ಮಾಡಿದಿ?” ಎಂದ ನನ್ನ ಮೊಮ್ಮಗ.

“ನಾ ನಿನ್ನ ಮೂರ್ ಸಲ ಎಬ್ಬಿಸೀನಿ,” ಎಂದ ಆ ಹುಡುಗ. ಅಷ್ಟು ಹೇಳಿ ಎದ್ದು ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಈ ಎರಡು ವಾಕ್ಯಗಳು ಎರಡು ದಿನ ನನ್ನ ತಲೆಯನ್ನು ಬಿಡಲಿಲ್ಲ. ಮಕ್ಕಳ ಜಗಳಕ್ಕೆ ಮುದುಕನು ಇಷ್ಟೊಂದು ಮಹತ್ವ ಕೊಡುವುದೇಕೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಆಟದ ವಿಚಾರ. ಹುಡುಗರು ಆಡುತ್ತಿದ್ದುದು 2021ರ ಜುಲೈಯಲ್ಲಿ ಬಿಡುಗಡೆಯಾದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಸುಮಾರು ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಹಾರಿ ಇಳಿಯುತ್ತಾರೆ. ಸಿಕ್ಕಿದ ಆಯುಧಗಳಿಂದ ಹೋರಾಡುತ್ತಾರೆ. ಆಟದ ವಲಯ ಕ್ರಮೇಣ ಕುಗ್ಗುತ್ತದೆ. ಕೊನೆಗೆ ಉಳಿದವರೇ ಗೆದ್ದವರು. ನಾಲ್ವರ ತಂಡದಲ್ಲಿ ಒಬ್ಬನು ಏಟು ತಿಂದು ನೆಲಕ್ಕೆ ಬಿದ್ದರೆ ಅವನ ಆಟ ಆಗಲೇ ಮುಗಿಯುವುದಿಲ್ಲ. ಜೊತೆಗಾರನು ಹತ್ತಿರ ಬಂದು, ಸುಮಾರು ಹತ್ತು ಸೆಕೆಂಡು ಅವನ ಪಕ್ಕದಲ್ಲಿ ಕೂತು, ಅವನನ್ನು ಎಬ್ಬಿಸಬಹುದು. ಆ ಹತ್ತು ಸೆಕೆಂಡು ಎಬ್ಬಿಸುವವನು ಗುಂಡು ಹಾರಿಸುವಂತಿಲ್ಲ. ಸ್ವತಃ ಶತ್ರುವಿಗೆ ಗುರಿಯಾಗಿ ಕುಳಿತಿರಬೇಕು. ಆಟ ಮುಗಿದ ಮೇಲೆ ಒಂದು ಪಟ್ಟಿ ಬರುತ್ತದೆ. ಯಾರು ಎಷ್ಟು ಮಂದಿಯನ್ನು ಮುಗಿಸಿದರು, ಯಾರು ಎಷ್ಟು ಘಾಸಿ ಮಾಡಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಈ ಘಾಸಿಯ ಮೊತ್ತವನ್ನೇ ಹುಡುಗರು ಡ್ಯಾಮೇಜ್ ಎನ್ನುತ್ತಾರೆ.

ಒಬ್ಬೊಬ್ಬನ ಪ್ರಾಣಬಲ ನೂರು. ಹಾಗಾದರೆ ಹನ್ನೊಂದು ನೂರರ ಘಾಸಿಯೆಂದರೆ ಹನ್ನೊಂದು ಜನರ ಪ್ರಾಣಕ್ಕೆ ಸಮ. ಆದರೆ ನನ್ನ ಮೊಮ್ಮಗನ ಹೆಸರಿನ ಮುಂದೆ ಮುಗಿದವರು ಇಬ್ಬರೇ. ಉಳಿದವರು ಏಟು ತಿಂದರು, ಮರೆಗೆ ಸರಿದರು, ಗಾಯಕ್ಕೆ ಪಟ್ಟಿ ಕಟ್ಟಿಕೊಂಡರು, ಮತ್ತೆ ಬಂದರು. ತಂಡ ಸೋತಿತು.

ಹಾಗಾದರೆ ಇಂಥ ಆಟಗಳು ಘಾಸಿಗೆ ಬಹುಮಾನ ಕೊಡಬೇಕೆ, ಬೇಡವೆ? ಒಂದು ಪಕ್ಷದ ಮಾತನ್ನು ಮೊದಲು ನ್ಯಾಯವಾಗಿ ಕೇಳೋಣ. ಹೆಚ್ಚಿನ ಆಟಗಳಲ್ಲಿ ಕೊನೆಯ ಏಟು ಹೊಡೆದವನಿಗೇ ಕೀರ್ತಿ. ಒಬ್ಬನು ತೊಂಬತ್ತು ಪಾಲು ಕೆಲಸ ಮಾಡಿರುತ್ತಾನೆ. ಎಲ್ಲಿಂದಲೋ ಬಂದ ಇನ್ನೊಬ್ಬನು ಉಳಿದ ಹತ್ತು ಪಾಲನ್ನು ಮುಗಿಸಿ ಹೆಸರು ಹೊಡೆಯುತ್ತಾನೆ. ಘಾಸಿಯನ್ನು ಎಣಿಸಿದರೆ ಈ ಅನ್ಯಾಯ ತಪ್ಪುತ್ತದೆ. ಸೋತ ತಂಡದಲ್ಲಿಯೂ ಜೀವ ತೇಯ್ದು ಆಡಿದವನೊಬ್ಬನಿರುತ್ತಾನಲ್ಲ, ಅವನ ಶ್ರಮಕ್ಕೂ ಒಂದು ಸಾಕ್ಷಿ ದೊರೆಯುತ್ತದೆ. 2010ರಲ್ಲಿ ಬಂದ ವರ್ಲ್ಡ್ ಆಫ್ ಟ್ಯಾಂಕ್ಸ್ ಎಂಬ ಆಟ ಘಾಸಿಗೆ ಫಲ ಕೊಡುತ್ತದೆ. ಶತ್ರುವನ್ನು ಹುಡುಕಿ ತೋರಿಸಿ, ತಾನು ಹೊಡೆಯದೆ ಇನ್ನೊಬ್ಬನಿಂದ ಹೊಡೆಸಿದವನಿಗೂ ಅದರಲ್ಲಿ ಪಾಲು ಕೊಡುತ್ತದೆ. ಇದು ಒಪ್ಪತಕ್ಕ ಮಾತೇ.

ಆದರೆ ಏಟನ್ನು ಏಟೆಂದೇ ಮೆಚ್ಚಿದಾಗ ತೊಡಕು ಹುಟ್ಟುತ್ತದೆ. 2016ರಲ್ಲಿ ಬಂದ ಓವರ್‌ವಾಚ್ ಎಂಬ ಆಟ ಆಟಗಾರರಿಗೆ ಚಿನ್ನ, ಬೆಳ್ಳಿ, ಕಂಚಿನ ಪದಕಗಳನ್ನು ತೋರಿಸುತ್ತಿತ್ತು, ಘಾಸಿಗೂ ಪದಕವಿತ್ತು. ಸೋಲುತ್ತಿದ್ದ ತಂಡದವರು “ಚಿನ್ನ ನನ್ನ ಬಳಿ ಇದೆ, ತಪ್ಪು ನಿಮ್ಮದು” ಎಂದು ಪರಸ್ಪರ ಹಳಿಯುವುದಕ್ಕೆ ಆ ಪದಕಗಳು ಆಧಾರವಾದವು. ಅದರ ಒಳಮರ್ಮವನ್ನು ನೋಡಿದರೆ ಇನ್ನೂ ಸ್ವಾರಸ್ಯವಿದೆ. ಎದುರು ಪಕ್ಷದ ದೊಡ್ಡ ಶರೀರದವನಿಗೆ ಸುಮ್ಮನೆ ಗುಂಡು ಸುರಿದರೆ ಘಾಸಿಯ ಅಂಕೆ ಏರುತ್ತದೆ. ಆದರೆ ಅವನನ್ನು ಗುಣಪಡಿಸುವ ಎದುರು ಪಕ್ಷದ ವೈದ್ಯನಿಗೆ ಗುಣಪಡಿಸಿದಷ್ಟೂ ಶಕ್ತಿ ಕೂಡುತ್ತದೆ. ಎಂದರೆ ಮುಗಿಯದ ಏಟು ಶತ್ರುವನ್ನೇ ಸಾಕುತ್ತದೆ! 2022ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯಲ್ಲಿ ಆ ಪದಕಗಳನ್ನು ತೆಗೆದುಹಾಕಿ, ಎಲ್ಲರ ಕೆಲಸವೂ ಎಲ್ಲರಿಗೂ ಕಾಣುವ ಪಟ್ಟಿಯನ್ನು ಇಟ್ಟರು.

ನಮ್ಮ ಕಡೆಯ ರೈತನಿಗೆ ಇದು ಹೊಸದಲ್ಲ. ತೊಗರಿ ಕೊಯ್ಯುವುದನ್ನು ಗುತ್ತಿಗೆಗೆ ಕೊಟ್ಟ ಹೊಲವನ್ನು ನೋಡಿ. ಕೊಯ್ದ ಎಕರೆಗೆ ಕೂಲಿಯೆಂದಾಗ ಕೈ ಬೇಗ ಬೇಗ ಓಡುತ್ತದೆ. ಒಣಗಿದ ಕಾಯಿ ಸಿಡಿದು ಕರಿನೆಲದ ಬಿರುಕಿಗೆ ಬೀಳುತ್ತದೆ. ಕೊಯ್ದವನು ಕಳ್ಳನಲ್ಲ, ಅವನು ನಾವು ಎಣಿಸಿದ್ದನ್ನು ಕೊಟ್ಟಿದ್ದಾನೆ. ನಮಗೆ ಬೇಕಾದದ್ದು ಕಾಳು, ಎಣಿಸಿದ್ದು ಎಕರೆ. ತಪ್ಪು ಯಾರದು?

ಘಾಸಿಯ ಲೆಕ್ಕದಲ್ಲಿ ಭೀಷ್ಮನನ್ನು ಮೀರಿಸಿದವರು ಯಾರು? ದಿನಕ್ಕೆ ಹತ್ತು ಸಾವಿರ ಯೋಧರನ್ನು ಕೆಡಹುತ್ತೇನೆ, ಆದರೆ ಪಾಂಡವರನ್ನು ಮಾತ್ರ ಕೊಲ್ಲುವುದಿಲ್ಲ ಎಂಬುದು ಆತನ ಕಟ್ಟು. ಹತ್ತು ದಿನ ಆತ ನುಡಿದಂತೆ ನಡೆದ. ಪಟ್ಟಿಯೊಂದು ಇದ್ದಿದ್ದರೆ ಆತನ ಹೆಸರೇ ಮೇಲಿರುತ್ತಿತ್ತು. ದುರ್ಯೋಧನನ ಗೆಲವು ಮಾತ್ರ ಒಂದು ಗೇಣೂ ಹತ್ತಿರ ಬರಲಿಲ್ಲ. ಅದೇ ಭಾರತದಲ್ಲಿ ವಿರಾಟನ ಗೋಗ್ರಹಣದ ಪ್ರಸಂಗವನ್ನು ನೆನೆಯಿರಿ. ಅರ್ಜುನನು ಕೌರವ ಸೇನೆಯನ್ನು ಎದುರಿಸಿದ. ಕಡೆಗೆ ಸಮ್ಮೋಹನಾಸ್ತ್ರವನ್ನು ಬಿಟ್ಟು ಮಹಾರಥರನ್ನೆಲ್ಲ ಮೈಮರೆಸಿದ. ಉತ್ತರಕುಮಾರನು ಅವರ ಮೇಲುವಸ್ತ್ರಗಳನ್ನು ತಂಗಿಯ ಗೊಂಬೆಗಳಿಗೆಂದು ಸುಲಿದುಕೊಂಡ. ಮೈಮರೆತು ಬಿದ್ದವರ ಮೈಯಿಂದ ಒಂದು ಹನಿ ನೆತ್ತರೂ ಅವನಿಗೆ ಬೇಕಾಗಲಿಲ್ಲ. ಹಸುಗಳು ಮನೆಗೆ ಬಂದವು. ಅವನು ಹೊರಟದ್ದು ಅದಕ್ಕೇ ತಾನೆ?

ನಮ್ಮ ನಾಡಿನ ತುರುಗೊಳ್ ವೀರಗಲ್ಲುಗಳೂ ಇದನ್ನೇ ಹೇಳುತ್ತವೆ. ಹಲವರನ್ನು ಕೊಂದನೆಂಬ ಮಾತು ಅವುಗಳ ಶಾಸನಗಳಲ್ಲಿ ಇಲ್ಲದೆ ಇಲ್ಲ. ಆದರೆ ಕಲ್ಲು ನಿಲ್ಲುವುದು ಆ ಎಣಿಕೆಗಾಗಿ ಅಲ್ಲ. ತುರುವನ್ನು ಮರಳಿಸಿ ಸತ್ತನೆಂಬುದಕ್ಕಾಗಿ.

ಘಾಸಿಗೆ ದೊಡ್ಡ ಬಹುಮಾನ ಕೊಟ್ಟ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿದ್ದುದನ್ನು ಇಲ್ಲಿನ ಮಕ್ಕಳೆಲ್ಲ ಬಲ್ಲರು. ಅಲ್ಲಿಂದ ಆಳಿದ ಮೂರನೆಯ ಕೃಷ್ಣನು 949ರ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಸೋಲಿಸಿದ. ಚೋಳ ರಾಜಾದಿತ್ಯನನ್ನು ಆನೆಯ ಮೇಲೆಯೇ ಕೊಂದವನು ಗಂಗರ ಬೂತುಗ. ಅವನಿಗೆ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳೇ ದೊರೆತವು. ಒಂದು ಏಟಿಗೆ ಇಷ್ಟು! ಆದರೆ ಗಮನಿಸಬೇಕು: ಆ ಒಂದು ಏಟಿನಿಂದ ಕಾಳಗವೇ ಮುಗಿಯಿತು. ಕೃಷ್ಣನು ಬೆಲೆ ಕೊಟ್ಟದ್ದು ಏಟಿಗಲ್ಲ, ಮುಗಿತಾಯಕ್ಕೆ.

ಅದೇ ಯುದ್ಧದಲ್ಲಿ ಹೋರಾಡಿದ ಬೂತುಗನ ಭಟ ಮಣಲೇರನ ಕತೆ ಮಂಡ್ಯದ ಕಡೆಯ ಆತಕೂರಿನ ಕಲ್ಲಿನ ಮೇಲಿದೆ. ಮೆಚ್ಚಿದೆ, ಬೇಕಾದುದನ್ನು ಕೇಳು ಎಂದಾಗ ಆ ಮಣಲೇರನು ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ಒಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ನಾಯಿಗಾಗಿ ಕಲ್ಲು ನಿಂತಿತು. ಯುದ್ಧ ಕಂಡು ಬಂದವನಿಗೆ ಬೇಕಾದದ್ದು ಜೊತೆಗೆ ಓಡುವ ಒಂದು ಜೀವ. ಈ ಕತೆಯನ್ನು ಓದಿದಾಗಲೆಲ್ಲ ಎಬ್ಬಿಸಿದ ಹುಡುಗನ ಮುಖ ಈಚೆಗೆ ನನಗೆ ಕಾಣುತ್ತದೆ.

ಯಾವ ಪಟ್ಟಿಯಲ್ಲಿಯೂ ಕಾಣದ ಕೆಲಸವೂ ಉಂಟು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತು ವಿಕೆಟ್‌ಗಳನ್ನೂ ಒಬ್ಬರೇ ಪಡೆದರು. ಒಂಬತ್ತು ಆದಾಗ ಮತ್ತೊಂದು ತುದಿಯಿಂದ ಬೌಲ್ ಮಾಡಿದವರು ಜಾವಗಲ್ ಶ್ರೀನಾಥ್. ಬೇಕೆಂದೇ ಚೆಂಡನ್ನು ವಿಕೆಟ್ಟಿನಿಂದ ದೂರಕ್ಕೆ ಎಸೆದರು. ದಾಖಲೆಯ ಪುಸ್ತಕದಲ್ಲಿ ಆ ಓವರು ಕೆಟ್ಟ ಓವರು. ಕಂಡವರಿಗೆ ಅದರ ಬೆಲೆ ಗೊತ್ತು.

ಇನ್ನು ನನ್ನ ಕಾರಣ. ನಾನು ಕನ್ನಡದ ಮೇಷ್ಟರಾಗಿದ್ದ ಒಂದು ಶಾಲೆಯಲ್ಲಿ ಕಬಡ್ಡಿಯ ತಂಡವೂ ನನ್ನ ಪಾಲಿಗೆ ಬಂದಿತ್ತು. ಕಬಡ್ಡಿಯ ನಿಯಮ ಎಷ್ಟು ವಿವೇಕದ್ದೆಂಬುದು ಆಗ ನನಗೆ ಹೊಳೆದಿರಲಿಲ್ಲ. ದಾಳಿಗೆ ಹೋದವನು ಎದುರಾಳಿಯನ್ನು ಮುಟ್ಟಿದರಷ್ಟೇ ಅಂಕವಿಲ್ಲ. ಉಸಿರು ಬಿಡದೆ ತನ್ನ ಗೆರೆಗೆ ಮರಳಬೇಕು. ಮರಳಿದರೆ ಹೊರಗೆ ಕುಳಿತ ತನ್ನ ಜೊತೆಗಾರನೊಬ್ಬ ಮತ್ತೆ ಒಳಗೆ ಬರುತ್ತಾನೆ. ಎಂದರೆ ಮುಟ್ಟಿದವನ ಬಹುಮಾನದಲ್ಲಿ ಬಿದ್ದ ಗೆಳೆಯನ ಏಳುವಿಕೆ ಸೇರಿಕೊಂಡೇ ಇದೆ.

ಇಷ್ಟು ಚೆಲುವಾದ ಲೆಕ್ಕವನ್ನು ನಾನು ಕೆಡಿಸಿದೆ. ಹುರುಪು ತುಂಬಬೇಕೆಂದು, ಯಾರು ಹೆಚ್ಚು ಮಂದಿಯನ್ನು ಮುಟ್ಟುತ್ತಾರೋ ಅವರಿಗೆ ನನ್ನ ಕಡೆಯಿಂದ ಒಂದು ಫೌಂಟನ್ ಪೆನ್ನು ಎಂದು ಘೋಷಿಸಿದೆ. ಹದಿನೈದು ದಿನದಲ್ಲಿ ತಂಡ ಏಳು ದಾಳಿಕಾರರ ಗುಂಪಾಯಿತು. ಎಡಮೂಲೆಯಲ್ಲಿ ನಿಂತು, ಬಂದವನ ಕಾಲನ್ನು ಹಿಡಿದರೆ ಬಿಡದ ಒಬ್ಬ ಹುಡುಗನಿದ್ದ. ಮೊಣಕೈ ತರಚಿದರೂ ಮಾತಾಡದವನು. ಪೆನ್ನು ಬೇರೊಬ್ಬನಿಗೆ ಹೋಯಿತು. ಮರುದಿನ ಅವನು ಅಂಗಳಕ್ಕೆ ಬರಲಿಲ್ಲ. ಕರೆಸಿ ಕೇಳಿದೆ. “ಹಿಡದವ್ರಿಗಿ ಲೆಕ್ಕ ಇಲ್ಲಲ್ರಿ ಸರ,” ಎಂದ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ. ನಾನು ಮೇಷ್ಟರ ಗತ್ತಿನಲ್ಲಿ ಗದರಿ ಕಳಿಸಿದೆ. ಅವನು ಮತ್ತೆ ಆಡಲಿಲ್ಲ. ಅವನಿಗೆ ಇನ್ನೊಂದು ಪೆನ್ನು ಕೊಳ್ಳುವುದಕ್ಕೆ ನನ್ನ ಬಳಿ ಹಣವಿತ್ತು, ಬುದ್ಧಿ ಇರಲಿಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಏಟನ್ನು ಎಣಿಸಲಿ, ಎಣಿಸುವುದು ಸತ್ಯವನ್ನು ಹೇಳಿದಂತೆ. ಆದರೆ ಬಹುಮಾನವು ಏಟು ಮುಟ್ಟಿದ ಗುರಿಗೆ ಸಲ್ಲಲಿ. ಕಾದವನೂ ಎಬ್ಬಿಸಿದವನೂ ಅದೇ ಪಟ್ಟಿಯ ಅದೇ ಸಾಲಿನಲ್ಲಿ ಕಾಣಲಿ. ಈ ಆಟದ ದೊಡ್ಡ ಸ್ಪರ್ಧೆಗಳಲ್ಲಿ ಈಚಿನ ವರ್ಷಗಳಲ್ಲಿ ಕೊನೆಯವರೆಗೆ ಉಳಿದ ತಂಡಕ್ಕೆ 10 ಅಂಕ, ಎರಡನೆಯದಕ್ಕೆ 6, ಮುಗಿಸಿದ ಒಬ್ಬೊಬ್ಬ ಎದುರಾಳಿಗೆ 1 ಅಂಕ. ಬರಿಯ ಘಾಸಿಗೆ ಏನೂ ಇಲ್ಲ. 2021ರ ಸ್ಪರ್ಧೆಯ ಬಹುಮಾನದ ಮೊತ್ತವೇ 1 ಕೋಟಿ ರೂಪಾಯಿ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕಾಯಿದೆಯೂ ಇ-ಕ್ರೀಡೆಯನ್ನು ಕ್ರೀಡೆಯೆಂದೇ ಮನ್ನಿಸಿದೆ. ಹುಡುಗಾಟವೆಂದು ತಳ್ಳಿಹಾಕುವ ಕಾಲ ಹೋಯಿತು. ಯಾವುದನ್ನು ಮೆಚ್ಚುತ್ತೇವೆಯೋ ಅದನ್ನು ಮಕ್ಕಳು ಕಲಿಯುತ್ತಾರೆ. ಕಟ್ಟೆಯ ಮೇಲಾದರೂ ಅಷ್ಟೆ, ಶಾಲೆಯ ಅಂಗಳದಲ್ಲಾದರೂ ಅಷ್ಟೆ.

ಇದನ್ನೆಲ್ಲ ಮೊಮ್ಮಗನಿಗೆ ಉಪದೇಶ ಮಾಡಲಿಲ್ಲ. ಪೆನ್ನಿನ ಕತೆಯೊಂದನ್ನೇ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. “ಆ ಹುಡುಗ ಈಗ ಎಲ್ಲದಾನ ಮುತ್ಯಾ?” ಎಂದ. ನನಗೆ ಗೊತ್ತಿಲ್ಲವೆಂದೆ. ಅದು ನಿಜ.

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಓಣಿಯ ಕಡೆಗೆ ಹೋದ. ನಿನ್ನೆ ಸಂಜೆ ಕಟ್ಟೆಯ ಮೇಲೆ ಮತ್ತೆ ನಾಲ್ಕು ತಲೆಗಳು ಬಾಗಿದ್ದವು. ಆಟ ಮುಗಿದು ಪಟ್ಟಿ ಬಂದಾಗ ನನ್ನ ಮೊಮ್ಮಗ ಎಂದಿನಂತೆ ತನ್ನ ಘಾಸಿಯನ್ನೇ ಮೊದಲು ಓದಿದ. ಆಮೇಲೆ ತಡೆದು, ಯಾರು ಯಾರನ್ನು ಎಬ್ಬಿಸಿದರೆಂಬುದನ್ನೂ ಓದಿದ. ದನಿ ಸ್ವಲ್ಪ ತಗ್ಗಿತ್ತು. ಆದರೆ ಒಳಗೆ ಕೂತ ನನಗೂ ಕೇಳಿಸಿತು.